ಸೀತಾಳೆ ದಂಡೆ: ಹಿತ್ತಲ ಮರಕ್ಕೆ ಕಟ್ಟುವುದು ಹೇಗೆ, ಹೂ ಬರಿಸುವುದು ಹೇಗೆ

ಮೇ ತಿಂಗಳು ಬಂತೆಂದರೆ ಎರಡೇ ಪ್ರಶ್ನೆ. ಒಂದು, "ಘಟ್ಟದ ದಾರಿಯಲ್ಲಿ ಮರದಿಂದ ಜಡೆ ಹಾಗೆ ಇಳಿಬಿದ್ದ ಹೂ ನೋಡಿದೆವು, ಮನೇಲಿ ಬೆಳೆಸಬಹುದಾ?" ಇನ್ನೊಂದು, "ತಂದು ಎರಡು ವರ್ಷ ಆಯ್ತು, ಎಲೆ ಚೆನ್ನಾಗಿದೆ, ಹೂವೇ ಇಲ್ಲ, ಯಾಕೆ?" ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಯಿತು. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಬೆಳೆಸಬಹುದು. ಮರದ ನೆರಳಿರುವ ಹಿತ್ತಲು, ಒಂದು ಹಲಸಿನ ಮರವೋ ಮಾವಿನ ಮರವೋ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಈ ಗಿಡ ನಿರ್ಲಕ್ಷ್ಯದಿಂದ ಸಾಯುವುದಕ್ಕಿಂತ ಅತಿ ಆರೈಕೆಯಿಂದ ಸಾಯುವುದೇ ಜಾಸ್ತಿ. ನನ್ನ ಮೊದಲ ಗಿಡವನ್ನು ನಾನು ಕುಂಡದಲ್ಲಿ ಕೆಂಪುಮಣ್ಣು, ಸಗಣಿ ಗೊಬ್ಬರ ಹಾಕಿ ನೆಟ್ಟಿದ್ದೆ. ಒಂದು ಮಳೆಗಾಲವೂ ದಾಟಲಿಲ್ಲ. ಎತ್ತಿ ನೋಡಿದರೆ ಬೇರೆಲ್ಲ ನೆನೆದ ಹಗ್ಗದ ಹಾಗೆ ಕೊಳೆತಿತ್ತು.

ಯಾವ ಗಿಡದ ಮಾತು ಇದು?

ಮಲೆನಾಡಿನಲ್ಲಿ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಸಾಮಾನ್ಯವಾಗಿ ಸೀತಾಳೆ ಅಂತಲೇ ಕರೆಯುತ್ತಾರೆ. ದಂಡೆ ಅಂದರೆ ಮುಡಿಯುವ ಹೂಮಾಲೆ. ಮಾಲೆ ಕಟ್ಟಿದ ಹಾಗೇ ಹೂ ಬಿಡುವುದಕ್ಕೆ ಇದು ಸೀತಾಳೆ ದಂಡೆ. ಕೆಲವು ಕಡೆ ಸೀತೆ ದಂಡೆ ಅನ್ನುತ್ತಾರೆ. ಮರಾಠಿಯಲ್ಲೂ ಇದು ಸೀತೆಯ ವೇಣಿಯೇ. ಅಸ್ಸಾಮಿನಲ್ಲಿ ಇದನ್ನು ಕೊಪೌ ಫೂಲ್ ಅಂತ ಕರೆದು, ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ಮುಡಿಗೆ ಸಿಕ್ಕಿಸಿಕೊಂಡು ಕುಣಿಯುತ್ತಾರೆ. ಅಲ್ಲಿನ ರಾಜ್ಯ ಹೂವೂ ಅದೇ.

ನರ್ಸರಿಯಲ್ಲಿ ಕೇಳುವಾಗ ಮಾತ್ರ ವೈಜ್ಞಾನಿಕ ಹೆಸರು ಹೇಳಿ: ರಿಂಕೋಸ್ಟೈಲಿಸ್ ರೆಟುಸಾ. ಬರೀ "ರಿಂಕೋ" ಎಂದರೆ ರಿಂಕೋಸ್ಟೈಲಿಸ್ ಜೈಜಾಂಟಿಯಾ ಕೊಟ್ಟು ಕಳಿಸಬಹುದು. ಅದು ಥಾಯ್ಲೆಂಡ್ ಕಡೆಯದು, ಎಲೆ ಇನ್ನೂ ಅಗಲ, ಹೂ ಚಳಿಗಾಲದಲ್ಲಿ. ಚೆಂದದ ಗಿಡವೇ, ಆದರೆ ನಮ್ಮ ಕಾಡಿನದಲ್ಲ.

ನಮ್ಮದನ್ನು ಗುರುತಿಸುವುದು ಸುಲಭ. ಎಲೆ ದಪ್ಪ, ಮಧ್ಯದಲ್ಲಿ ದೋಣಿಯ ಹಾಗೆ ಮಡಿಕೆ. ಎಲೆಯ ತುದಿ ನೋಡಿ. ಚೂಪಾಗಿರುವುದಿಲ್ಲ, ಇಲಿ ಕಚ್ಚಿದ ಹಾಗೆ ಓರೆಯಾಗಿ ಎರಡು ಹೋಳಾಗಿರುತ್ತದೆ. ಹೂ ಒಂದೊಂದೂ ಹೆಬ್ಬೆರಳ ಉಗುರಿನಷ್ಟು, ಬಿಳಿ ಮೈಮೇಲೆ ನೇರಳೆ ಚುಕ್ಕಿ. ಅಂಥವು ನೂರರಷ್ಟು ಒತ್ತೊತ್ತಾಗಿ ಒಂದೇ ಗೊನೆಯಲ್ಲಿ, ಒಂದು ಅಡಿಗೂ ಉದ್ದ.

ಇನ್ನೊಂದು ಗೊಂದಲ ಈಗಲೇ ಬಗೆಹರಿಸೋಣ. ಇದು ಬಂದಳಿಕೆ ಅಲ್ಲ. ಬಂದಳಿಕೆ (ಬದನಿಕೆ ಅಂತಲೂ ಕರೆಯುತ್ತಾರೆ) ಮರದೊಳಗೆ ಬೇರು ಇಳಿಸಿ ಅದರ ರಸ ಹೀರುತ್ತದೆ. ಸೀತಾಳೆ ಮರದ ತೊಗಟೆಯನ್ನು ಹಿಡಿದು ಕೂರುತ್ತದೆ, ಅಷ್ಟೇ. ಮಳೆ, ಮಂಜು, ತೊಗಟೆಯ ಮೇಲೆ ಹರಿದು ಬರುವ ಕಸರು, ಇವೇ ಅದರ ಊಟ. "ಮಾವಿನ ಮರ ಒಣಗುತ್ತೆ" ಅಂತ ಮನೆಯ ಹಿರಿಯರು ಕಿತ್ತು ಬಿಸಾಡುವ ಮೊದಲು ಇಷ್ಟನ್ನು ಹೇಳಿಬಿಡಿ.

ಏನೇನು ಬೇಕು

ಗಿಡ, ಮರ, ಕಟ್ಟಲು ಹತ್ತಿ ಬಟ್ಟೆಯ ಪಟ್ಟಿ ಅಥವಾ ತೆಂಗಿನ ನಾರಿನ ಹಗ್ಗ, ನೀರು ಚಿಮುಕಿಸಲು ಒಂದು ಸ್ಪ್ರೇಯರ್. ಹರಿತವಾದ ಬ್ಲೇಡ್, ಅಡುಗೆಮನೆಯ ಚಕ್ಕೆ ಪುಡಿ ಒಂದಿಷ್ಟು. ಕಬ್ಬಿಣದ ತಂತಿ, ತಾಮ್ರದ ತಂತಿ, ಮೊಳೆ ಯಾವುದೂ ಬೇಡ. ಮಣ್ಣು ಅಂತೂ ಬೇಡವೇ ಬೇಡ.

1. ಗಿಡ ತರುವುದು

ಕಾಡಿನಿಂದ ಕೀಳಬೇಡಿ. ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು ಅಪರಾಧ. ಅದಕ್ಕಿಂತ ಮುಖ್ಯ, ಹಾಗೆ ಕಿತ್ತ ಗಿಡ ಬದುಕುವುದೂ ಅಪರೂಪ. ಬೇರು ತೊಗಟೆಗೆ ಅಂಟು ಹಾಕಿದ ಹಾಗೆ ಹಿಡಿದಿರುತ್ತದೆ. ಎಳೆದರೆ ಕೈಗೆ ಬರುವುದು ಎಲೆ ಮತ್ತು ಹರಿದ ಬೇರು. ಘಟ್ಟದ ರಸ್ತೆ ಬದಿಯಲ್ಲಿ ಗೋಣಿಚೀಲದ ಮೇಲೆ ರಾಶಿ ಹಾಕಿ ಮಾರುವವೂ ಬಹುಪಾಲು ಹೀಗೆ ಬಂದವೇ. ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಹಾಗಾದರೆ ಎಲ್ಲಿಂದ? ಒಂದು ದಾರಿ, ಆರ್ಕಿಡ್ ಮಾರುವ ನರ್ಸರಿ. ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿ ಕೇಳಿ ತನ್ನಿ. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಗಂಟು ಇರುವುದಿಲ್ಲ. ಕಾಡಿನಲ್ಲಿ ಒಂದು ಜಾತಿಯ ಶಿಲೀಂಧ್ರ ಜೊತೆಗೆ ಸೇರಿದರೆ ಮಾತ್ರ ಮೊಳೆಯುತ್ತದೆ. ಪ್ರಯೋಗಾಲಯದಲ್ಲಿ ಗಾಜಿನ ಬಾಟಲಿಯೊಳಗೆ ಸಕ್ಕರೆ, ಪೋಷಕಾಂಶ ಕೊಟ್ಟು ಮೊಳೆಸುತ್ತಾರೆ. ಆದ್ದರಿಂದ "ಬೀಜ ಕಳಿಸ್ತೀರಾ" ಅಂತ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಇಲ್ಲ ಎಂದೇ. ಮನೆಯಲ್ಲಿ ಮೊಳೆಯುವುದಿಲ್ಲ.

ಇನ್ನೊಂದು ದಾರಿ ಕಾಫಿ ಸೀಮೆಯವರಿಗೆ ಗೊತ್ತು. ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳು ಮರದ ಕೊಂಬೆ ಸವರಿದಾಗ, ಸೀತಾಳೆ ಹಿಡಿದ ಕೊಂಬೆಗಳೂ ನೆಲಕ್ಕೆ ಬೀಳುತ್ತವೆ. ಮಳೆಗಾಳಿಗೆ ಮುರಿದು ಬಿದ್ದವೂ ಇರುತ್ತವೆ. ತೋಟದವರನ್ನು ಕೇಳಿ ತೆಗೆದುಕೊಳ್ಳಿ, ಸೌದೆ ಒಲೆಗೆ ಹೋಗುವ ಗಿಡ ಉಳಿಯುತ್ತದೆ. ಇಲ್ಲಿ ಒಂದು ಗುಟ್ಟು: ಗಿಡವನ್ನು ಕೊಂಬೆಯಿಂದ ಬಿಡಿಸಬೇಡಿ. ಬೇರು ಇರುವಷ್ಟು ಉದ್ದ ಕೊಂಬೆಯನ್ನೇ ಗರಗಸದಲ್ಲಿ ಕತ್ತರಿಸಿ ತನ್ನಿ. ಆ ತುಂಡನ್ನು ಹಾಗೇ ನಿಮ್ಮ ಮರಕ್ಕೆ ಕಟ್ಟಿ. ಕೊಂಬೆ ಲಡ್ಡಾಗುವ ಹೊತ್ತಿಗೆ ಹೊಸ ಬೇರು ಪಕ್ಕದ ಮರಕ್ಕೆ ದಾಟಿರುತ್ತದೆ.

ವಿದೇಶದಲ್ಲಿರುವವರೂ ಕೇಳುತ್ತಾರೆ, ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬಹುದಾ ಅಂತ. ಬೇಡ. ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಆರ್ಕಿಡ್ ಕುಟುಂಬ ಇಡಿಯಾಗಿ ಸೇರಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಅಲ್ಲಿನ ನರ್ಸರಿಯಲ್ಲೇ ಇದೇ ಹೆಸರಲ್ಲಿ ಹುಡುಕಿ.

2. ಮರ ಆರಿಸುವುದು

ತೊಗಟೆ ಒರಟಾಗಿರಬೇಕು, ಉದುರಬಾರದು. ಹಲಸು, ಮಾವು, ಹೆಬ್ಬಲಸು, ಮತ್ತಿ, ದೇವಕಣಗಿಲೆ ಚೆನ್ನಾಗಿ ಒಗ್ಗುತ್ತವೆ. ಮಲಯಾಳಂನಲ್ಲಿ ಇದರ ಹಳೆಯ ಹೆಸರು ಆಂಜಿಲಿ ಮರವಾಳ. ಆಂಜಿಲಿ ಅಂದರೆ ನಮ್ಮ ಹೆಬ್ಬಲಸು. ಗಿಡಕ್ಕೆ ಮರದ ಹೆಸರನ್ನೇ ಅಂಟಿಸಿದ್ದಾರೆ.

ಪೇರಳೆ, ನೀಲಗಿರಿ, ನಂದಿ ಮರ ಬೇಡ. ಇವು ಸಿಪ್ಪೆ ಕಳಚುತ್ತವೆ. ನೀವು ಕಟ್ಟಿದ ಗಿಡ ಎರಡನೇ ವರ್ಷ ಸಿಪ್ಪೆಯ ಸಮೇತ ಕೆಳಗೆ ಬಿದ್ದಿರುತ್ತದೆ.

ಅಡಿಕೆ ಮರ? ಬೇರು ಹಿಡಿಯುತ್ತದೆ, ನೋಡಲೂ ಚೆಂದ. ಆದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ತೋಟವಾದರೆ ಬೇಡ. ಬೋರ್ಡೋ ಮಿಶ್ರಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಆರ್ಕಿಡ್‌ನ ಎಳೆ ಬೇರಿಗೆ ಆಗಿಬರುವುದಿಲ್ಲ. ಮಳೆಗಾಲದ ಶುರುವಿಗೊಮ್ಮೆ, ಮತ್ತೆ ನಡುವೆ ಒಮ್ಮೆ ಗೊನೆಗೆ ಹೊಡೆದದ್ದು ಕಾಂಡದುದ್ದಕ್ಕೂ ಇಳಿದು ಬರುತ್ತದೆ. ಬೇರೆ ಮರವೇ ಇಲ್ಲ ಅನ್ನುವವರು ಔಷಧಿ ಹೊಡೆಯುವ ದಿನ ಗಿಡಕ್ಕೆ ಪ್ಲಾಸ್ಟಿಕ್ ಸುತ್ತಿ, ಸಂಜೆ ಮರೆಯದೆ ಬಿಚ್ಚಿ.

3. ಜಾಗ ಗುರುತಿಸುವುದು

ಹೂ ಬಿಡದ ಗಿಡಗಳ ಕತೆ ಬಹುಪಾಲು ಇಲ್ಲೇ ಕೆಡುತ್ತದೆ.

"ಕಾಡಿನ ಗಿಡ ಅಲ್ವಾ, ನೆರಳು ಬೇಕು" ಅಂತ ಮನೆಯ ಹಿಂದಿನ ಗಾಢ ಕತ್ತಲ ಮೂಲೆಗೆ ಕಟ್ಟುತ್ತಾರೆ. ಕಾಡಿನಲ್ಲಿ ಇದು ಎಲ್ಲಿರುತ್ತದೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ನೆಲದ ಹತ್ತಿರ ಅಲ್ಲ, ಮರದ ಮೇಲೆ. ಎಲೆಗಳ ಸಂದಿಯಿಂದ ಬಿಸಿಲು ಜರಡಿ ಹಿಡಿದ ಹಾಗೆ ಬೀಳುವ ಜಾಗದಲ್ಲಿ. ನಮ್ಮ ಹಿತ್ತಲಲ್ಲೂ ಅಂಥದ್ದೇ ಜಾಗ ಹುಡುಕಬೇಕು.

ಹುಡುಕುವುದು ಹೀಗೆ. ಬಿಸಿಲಿರುವ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮರದ ಹತ್ತಿರ ಹೋಗಿ. ಗಿಡ ಕಟ್ಟಬೇಕೆಂದ ಜಾಗಕ್ಕೆ ಒಂದು ಬಿಳಿ ಕಾಗದ ಹಿಡಿದು, ಅದರ ಮುಂದೆ ಒಂದು ಅಡಿ ದೂರದಲ್ಲಿ ಕೈ ಚಾಚಿ. ಕೈಯ ನೆರಳು ಅಂಚು ಮಸುಕಾಗಿ, ಆದರೆ ಬೆರಳು ಎಣಿಸುವಷ್ಟು ಕಂಡರೆ ಜಾಗ ಸರಿ. ನೆರಳೇ ಬೀಳದಿದ್ದರೆ ಕತ್ತಲು ಜಾಸ್ತಿ. ಚಾಕುವಿನಲ್ಲಿ ಕತ್ತರಿಸಿದ ಹಾಗೆ ಚೂಪಾಗಿ ಬಿದ್ದರೆ ಬಿಸಿಲು ಜಾಸ್ತಿ.

ಮರದ ಪೂರ್ವ ಬದಿ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಸಿಗುತ್ತದೆ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಲಾಭ ಇದೆ. ಮುಂಗಾರು ನೈಋತ್ಯದಿಂದ ಬಡಿಯುತ್ತದೆ, ಪೂರ್ವ ಬದಿಗೆ ಮರವೇ ಅಡ್ಡ ನಿಲ್ಲುತ್ತದೆ. ಎತ್ತರ ಆರೇಳು ಅಡಿ ಸಾಕು, ಕೈಗೆಟುಕಬೇಕು, ಗೊನೆ ಇಳಿಬಿಡಲು ಕೆಳಗೆ ಜಾಗವೂ ಇರಬೇಕು. ಏಣಿ ಹಾಕಿ ಮೇಲೆ ಕಟ್ಟಿದರೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು?

ರಾಯಚೂರು, ಕಲಬುರಗಿ ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬೇಸಿಗೆಯ ಒಣ ಗಾಳಿಗೆ ಇದನ್ನು ಮರಕ್ಕೆ ಕಟ್ಟಿ ಬಿಡಿ ಅಂತ ನಾನು ಹೇಳಲಾರೆ. ಪಡಸಾಲೆಯಲ್ಲಿ ನೇತುಹಾಕಿ, ದಿನಕ್ಕೆ ಎರಡು ಸಲ ನೀರು ಕೊಡುವ ವ್ಯವಧಾನ ಇದ್ದರೆ ಮಾತ್ರ ಕೈ ಹಾಕಿ.

4. ಕಟ್ಟುವುದು

ಸಮಯ: ಮುಂಗಾರಿನ ಮೊದಲ ಒಂದೆರಡು ಮಳೆ ಬಿದ್ದ ಮೇಲೆ. ಮೇ ಕೊನೆಯಿಂದ ಜೂನ್ ನಡುವಿನ ತನಕ. ಬೆಂಗಳೂರಿನವರು ಜುಲೈ ತನಕ ಎಳೆಯಬಹುದು. ಈ ಹೊತ್ತಿಗೆ ಬೇರಿನ ತುದಿ ಹಸಿರಾಗಿ ಚಿಗುರಿರುತ್ತದೆ. ಆ ಹಸಿರು ತುದಿಯೇ ತೊಗಟೆಯನ್ನು ಹಿಡಿಯುವುದು. ಡಿಸೆಂಬರಿನಲ್ಲಿ ಕಟ್ಟಿದರೆ ಬೇರು ಮಲಗಿರುತ್ತದೆ, ಆರು ತಿಂಗಳು ಸುಮ್ನೆ ತೂಗಾಡುತ್ತದೆ.

ಸತ್ತ ಬೇರನ್ನು ಮೊದಲು ತೆಗೆಯಿರಿ. ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ. ಒಳಗೆ ಟೊಳ್ಳಾಗಿ, ದಾರದಂಥ ಎಳೆ ಮಾತ್ರ ಉಳಿದಿದ್ದರೆ ಕತ್ತರಿಸಿ. ಉಳಿದ ಬೇರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಬಾಗುತ್ತದೆ, ಕಟ್ಟುವಾಗ ಮುರಿಯುವುದಿಲ್ಲ.

ಈಗ ಬೇರನ್ನು ತೊಗಟೆಯ ಮೇಲೆ ಕೈಬೆರಳು ಬಿಡಿಸಿದ ಹಾಗೆ ಹರಡಿ. ಬಟ್ಟೆಯ ಪಟ್ಟಿಯನ್ನು ಬೇರಿನ ಮೇಲೆ ಎರಡು ಕಡೆ ಸುತ್ತಿ ಬಿಗಿಯಿರಿ. ಎಲೆಯ ಬುಡಕ್ಕೆ ಹಗ್ಗ ಒತ್ತಬಾರದು. ಕಟ್ಟಿದ ಮೇಲೆ ಗಿಡವನ್ನು ಅಲುಗಾಡಿಸಿ ನೋಡಿ. ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ. ಅಲುಗುವ ಗಿಡದ ಬೇರು ತುದಿ ತೊಗಟೆಗೆ ಉಜ್ಜಿ ಉಜ್ಜಿ ಸಾಯುತ್ತದೆ.

ಗಿಡ ನೇರ ಆಕಾಶ ನೋಡುವ ಹಾಗೆ ಇರಬಾರದು. ಸ್ವಲ್ಪ ಹೊರಕ್ಕೆ, ಕೆಳಕ್ಕೆ ಬಾಗಿರಲಿ. ಎಲೆಗಳ ನಡುವಿನ ಸುಳಿಯಲ್ಲಿ ಮಳೆನೀರು ನಿಂತರೆ ಅದು ಕೊಳೆಯುತ್ತದೆ. ಈ ಗಿಡಕ್ಕೆ ಬೆಳೆಯುವ ಸುಳಿ ಒಂದೇ. ಅದು ಹೋದರೆ ಮುಖ್ಯ ಗಿಡ ಅಲ್ಲಿಗೆ ನಿಂತಿತು. ಬುಡದಿಂದ ಮರಿ ಬಂದರೆ ನಿಮ್ಮ ಪುಣ್ಯ.

ತೆಂಗಿನ ಸಿಪ್ಪೆ ಇಡಬಹುದಾ? ಬಯಲುಸೀಮೆಯವರು ಬೇರಿನ ಪಕ್ಕದಲ್ಲಿ ತೆಳುವಾಗಿ ಇಡಿ. ಹಸಿ ಸಿಪ್ಪೆಯಾದರೆ ಒಂದು ವಾರ ನೀರು ಬದಲಿಸುತ್ತಾ ನೆನೆಸಿ, ಅದರ ಒಗರು, ಉಪ್ಪು ಹೋಗಲಿ. ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆಗೆ ಸಿಪ್ಪೆಯೇ ಬೇಡ. ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ.

ಮರ ಇಲ್ಲದ ಅಪಾರ್ಟ್‌ಮೆಂಟಿನವರು ಮರದ ಪಟ್ಟಿಗಳ ಬುಟ್ಟಿ ತಂದು, ನಾಲ್ಕು ಇದ್ದಿಲ ತುಂಡು, ನಾಲ್ಕು ಇಟ್ಟಿಗೆ ಚೂರು ಹಾಕಿ ಗಿಡ ಕೂರಿಸಿ ಪೂರ್ವದ ಬಾಲ್ಕನಿಯಲ್ಲಿ ನೇತುಹಾಕಿ. ಬುಟ್ಟಿಯನ್ನು ತುಂಬಿಸಬೇಡಿ. ಬೇರು ಹೊರಗೆ ಇಳಿದು ಗಾಳಿಯಲ್ಲಿ ತೂಗಾಡಿದರೆ ಗಾಬರಿ ಬೇಡ, ಅದಕ್ಕೆ ಬೇಕಾದ್ದೇ ಅದು.

5. ನೀರು

ಅಳತೆ ಹೇಳುವ ಬದಲು ಬೇರನ್ನು ನೋಡುವುದನ್ನು ಕಲಿಸುತ್ತೇನೆ. ಇದರ ಬೇರಿನ ಮೇಲೆ ವೆಲಾಮೆನ್ ಅನ್ನುವ ಒಂದು ಪದರ ಇದೆ. ಸತ್ತ ಕೋಶಗಳ ಬಿಳಿ ಸ್ಪಂಜು ಅಂದುಕೊಳ್ಳಿ. ಒಣಗಿದ್ದಾಗ ಬೆಳ್ಳಿ ಬಣ್ಣ. ಸ್ಪ್ರೇಯರ್ ಹಿಡಿದು ನೀರು ಬಿಡಿ, ಹತ್ತಿರದಿಂದ ನೋಡಿ. ಮೊದಲ ಹನಿ ಬಿದ್ದಲ್ಲಿ ಒಂದು ಹಸಿರು ಚುಕ್ಕಿ. ಅದು ಅಗಲವಾಗುತ್ತಾ, ಪಕ್ಕದ ಚುಕ್ಕಿಗೆ ಸೇರುತ್ತಾ, ನೋಡನೋಡುತ್ತಿದ್ದ ಹಾಗೆ ಬೇರು ಪೂರ್ತಿ ಹಸಿರಾಗುತ್ತದೆ. ಹಸಿರಾಯಿತಾ, ಅಲ್ಲಿಗೆ ಹೊಟ್ಟೆ ತುಂಬಿತು. ನಿಲ್ಲಿಸಿ. ಮತ್ತೆ ಬೆಳ್ಳಿಯಾಗುವ ತನಕ ನೀರು ಬೇಡ.

ಲೆಕ್ಕ ಬೇಕೇ ಬೇಕು ಅನ್ನುವವರಿಗೆ: ಫೆಬ್ರವರಿಯಿಂದ ಮಳೆ ಬರುವ ತನಕ ದಿನಾ ಬೆಳಿಗ್ಗೆ ಒಮ್ಮೆ. ಮಳೆಗಾಲದಲ್ಲಿ ಕೈ ಕಟ್ಟಿ ಕೂತುಕೊಳ್ಳಿ. ಮಳೆ ನಿಂತ ಮೇಲೆ ಎರಡು ದಿನಕ್ಕೊಮ್ಮೆ. ಡಿಸೆಂಬರ್, ಜನವರಿಯಲ್ಲಿ ವಾರಕ್ಕೆ ಎರಡು ಸಲ, ಮಂಜು ಬೀಳುವ ಊರಾದರೆ ಒಂದೇ ಸಲ. ಈ ಚಳಿಗಾಲದ ಒಣ ವಿಶ್ರಾಂತಿಯನ್ನು ತಪ್ಪಿಸಬೇಡಿ. ಪಾಪ ಅಂತ ಆಗಲೂ ದಿನಾ ನೀರು ಹಾಕಿದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಸಂಜೆ ನೀರು ಹಾಕಬೇಡಿ. ರಾತ್ರಿಯಿಡೀ ಸುಳಿ ಒದ್ದೆಯಾಗಿರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡುಸು. ಬೇರಿನ ಮೇಲೆ ಬಿಳಿ ಪುಡಿ ಕಟ್ಟುತ್ತಿದ್ದರೆ ಅದು ನೀರಿನ ಸುಣ್ಣ. ಮಳೆನೀರು ಹಿಡಿದಿಟ್ಟುಕೊಳ್ಳಿ, ಒಂದು ಗಿಡಕ್ಕೆ ಬಕೆಟ್ ನೀರು ಎಷ್ಟೋ ದಿನ ಬರುತ್ತದೆ.

6. ಗೊಬ್ಬರ

ಗೊಬ್ಬರದ ಅಂಗಡಿಯಲ್ಲಿ 19:19:19 ಅಂತ ನೀರಲ್ಲಿ ಕರಗುವ ಪುಡಿ ಸಿಗುತ್ತದೆ. ಆ ಮೂರು ಅಂಕಿ ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಎಂದು. ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಗಿಡ ಬೆಳೆಯುತ್ತಿರುವ ತಿಂಗಳುಗಳಲ್ಲಿ ಮಾತ್ರ. ಜಡಿಮಳೆಯಲ್ಲಿ ಹಾಕಿದರೆ ಕೊಚ್ಚಿ ಹೋಗುತ್ತದೆ, ಮಲೆನಾಡಿನವರು ಸೆಪ್ಟೆಂಬರ್ ತನಕ ಕಾಯಿರಿ. ಮೊದಲು ಬೇರಿಗೆ ಬರೀ ನೀರು, ಆಮೇಲೆ ಗೊಬ್ಬರದ ನೀರು. ಸಗಣಿ ಬಗ್ಗಡ ಬಳಿಯುವವರನ್ನು ಕಂಡಿದ್ದೇನೆ. ಬೇಡ, ಬೇರಿನ ಸ್ಪಂಜು ಕಟ್ಟಿಕೊಳ್ಳುತ್ತದೆ.

7. ಕಾಟಗಳು

ಬಸವನಹುಳು ದೊಡ್ಡ ಶತ್ರು. ರಾತ್ರಿ ಬಂದು ಬೇರಿನ ಹಸಿರು ತುದಿ, ಎಳೆ ಮೊಗ್ಗು ತಿಂದು ಹೋಗುತ್ತದೆ. ಬೆಳಿಗ್ಗೆ ತೊಗಟೆಯ ಮೇಲೆ ಒಣಗಿದ ಲೋಳೆಯ ಹೊಳಪು ಕಂಡರೆ ಅವತ್ತೇ ರಾತ್ರಿ ಟಾರ್ಚ್ ಹಿಡಿದು ಹೋಗಿ, ಕೈಯಲ್ಲಿ ಆರಿಸಿ ತೆಗೆಯಿರಿ. ಔಷಧಿಗಿಂತ ಇದೇ ಮೇಲು.

ಎಲೆಯ ಬುಡ ಕಂದಾಗಿ, ನೀರು ತುಂಬಿದ ಹಾಗೆ ಮೆತ್ತಗಾಗಿ, ಮುಟ್ಟಿದರೆ ಎಲೆ ಕಳಚಿ ಬಂದರೆ ಅದು ಕೊಳೆ. ತಡ ಮಾಡಬೇಡಿ. ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಲ್ಲಿ ಹಸಿರು ಭಾಗ ಸಿಗುವ ತನಕ ಕತ್ತರಿಸಿ, ಗಾಯಕ್ಕೆ ಚಕ್ಕೆ ಪುಡಿ ಒತ್ತಿ. ಬೇರಿಗೆ ಆ ಪುಡಿ ತಾಗದಿರಲಿ, ಒಣಗಿಸಿಬಿಡುತ್ತದೆ. ನಾಲ್ಕೈದು ದಿನ ನೀರು ಬೇಡ.

ಹಿಟ್ಟುತಿಗಣೆ ಬಂದರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಬರೀ ನೀರಲ್ಲಿ ತೊಳೆಯಿರಿ. ಮಂಗ ಬಂದರೆ? ಅದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಕಿತ್ತು ಎಸೆದದ್ದನ್ನು ಹುಡುಕಿ ತಂದು ಮತ್ತೆ ಕಟ್ಟುವುದು, ಅಷ್ಟೇ.

8. ಹೂವಿಗೆ ಕಾಯುವುದು

ಎಲೆ ಬಣ್ಣ ನೋಡಿ ಗಿಡದ ಮನಸ್ಸು ತಿಳಿಯಬಹುದು. ಕಡು ಹಸಿರು ಎಲೆ ನೋಡಿ ಖುಷಿಪಡಬೇಡಿ, ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ತಿಳಿ ಹಸಿರು ಇರಬೇಕು. ಹಳದಿಗೆ ತಿರುಗಿ ಕೆಂಪು ಛಾಯೆ ಬಂದರೆ ಬಿಸಿಲು ಜಾಸ್ತಿ. ಬೆಳಕು ಸಾಲದಿದ್ದರೆ ಗಿಡ ಬಿಚ್ಚಿ ಬೇರೆ ಕಡೆ ಕಟ್ಟಬೇಡಿ. ಬೇರು ಅಲುಗಿಸಿದರೆ ಈ ಗಿಡ ಮುನಿಸಿಕೊಂಡು ಒಂದೆರಡು ವರ್ಷ ಹಾಗೇ ಕೂರುತ್ತದೆ. ಮೇಲಿನ ಎರಡು ರೆಂಬೆ ಸವರಿ, ಬೆಳಕನ್ನು ಗಿಡದ ಹತ್ತಿರ ತನ್ನಿ.

ನರ್ಸರಿಯ ಸಣ್ಣ ಸಸಿಯಾದರೆ ಮೂರು ನಾಲ್ಕು ವರ್ಷ ಬೇಕು. ದೊಡ್ಡ ಗಿಡವೂ ಕಟ್ಟಿದ ಮೊದಲ ವರ್ಷ ಹೂ ಬಿಡದಿರಬಹುದು. ಬೇರು ಹಿಡಿಯಿತಾ ಅನ್ನುವುದಷ್ಟೇ ಆ ವರ್ಷದ ಪರೀಕ್ಷೆ.

ಬೇಸಿಗೆಯಲ್ಲಿ ಎಲೆಯ ಕಂಕುಳಿಂದ ಏನೋ ಮೂತಿ ಹೊರಗೆ ಹಾಕುತ್ತದೆ. ಬೇರಾ, ಹೂಗೊನೆಯಾ? ಬೇರಿನ ತುದಿ ದುಂಡಗೆ, ನುಣ್ಣಗೆ ಹೊಳೆಯುತ್ತದೆ. ಹೂಗೊನೆಯ ತುದಿ ಸ್ವಲ್ಪ ಚಪ್ಪಟೆ, ಚೂಪು, ಸಣ್ಣ ಪೊರೆಗಳ ಹೊದಿಕೆ. ಹೂಗೊನೆಯೇ ಆದರೆ ಬುಟ್ಟಿಯಲ್ಲಿರುವ ಗಿಡವನ್ನು ತಿರುಗಿಸಬೇಡಿ. ಗೊನೆ ಬೆಳಕಿನ ಕಡೆ ಹೊರಳಲು ಹೋಗಿ ಸೊಟ್ಟಗಾಗುತ್ತದೆ. ಮೊಗ್ಗಿನ ಮೇಲೆ ನೀರು ಚಿಮುಕಿಸಬೇಡಿ, ಬೇರಿಗೆ ಮಾತ್ರ.

ಅರಳಿದ ಮೇಲೆ ಎರಡು ವಾರ ನಿಲ್ಲುತ್ತದೆ. ಮುಡಿಯುವ ಆಸೆ ಇದ್ದರೆ ಗೊನೆ ಪೂರ್ತಿ ಅರಳಿ ನಾಲ್ಕು ದಿನ ಕಳೆದ ಮೇಲೆ ಬ್ಲೇಡಿನಲ್ಲಿ ಕತ್ತರಿಸಿ, ಎಳೆಯಬೇಡಿ. ಮರದಲ್ಲೇ ಬಿಟ್ಟರೆ ಕೆಲವು ಹೂ ಕಾಯಿ ಕಟ್ಟಬಹುದು. ಕಾಯಿ ಬಲಿಯಲು ತಿಂಗಳುಗಟ್ಟಲೆ ಬೇಕು, ಅಷ್ಟು ದಿನವೂ ಗಿಡದ ಶಕ್ತಿ ಅದಕ್ಕೇ ಹೋಗುತ್ತದೆ. ಆರಕ್ಕಿಂತ ಕಡಿಮೆ ಎಲೆಯ ಬಡಕಲು ಗಿಡವಾದರೆ ಕಾಯಿ ತೆಗೆದುಬಿಡಿ. ಗಟ್ಟಿ ಗಿಡವಾಗಿ, ಮನೆ ಕಾಡಿನ ಪಕ್ಕದಲ್ಲಿದ್ದರೆ ಒಂದೆರಡು ಕಾಯಿ ಹಾಗೇ ಬಿಡಿ. ಒಣಗಿ ಸೀಳಿದ ದಿನ ಒಳಗಿನ ಧೂಳು ಗಾಳಿಗೆ ಹಾರುತ್ತದೆ.